ನಿಲ್ಲದ ಜೀಪಿನ ಕಾಕಾ

ಕಾಕಾ ತೀರಿಕೊಂಡ ದಿನ ಬೈಲಹೊಂಗಲದಲ್ಲಿ ಸುಡುಸುಡು ಬಿಸಿಲು. ಹಿಂದಿನ ಸಂಜೆಯಷ್ಟೇ ಅವರು ಅಂಗಳದಲ್ಲಿ ನಿಂತು, ಮೂಡಣಕ್ಕೆ ಮುಖ ಮಾಡಿ, "ನಾಳಿಗೆ ಮಳಿ ಗ್ಯಾರಂಟಿ. ಹಪ್ಪಳ ಒಳಗ ತಗೀ" ಎಂದು ಹೆಂಡತಿ ಕಾಕುಗೆ ಹೇಳಿದ್ದರಂತೆ. ಕಾಕು ಪಾಪ, ಮಾತು ನಂಬಿ ಹಪ್ಪಳದ ಚಾಪೆಯನ್ನು ಒಳಗೆ ಎಳೆದಿಟ್ಟಿದ್ದರು. ಮಣ್ಣಿಗೆ ಹೋದ ನಾವೆಲ್ಲ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಗ ಅವರು ಅಳುವಿನ ನಡುವೆಯೇ ಮೋಡವಿಲ್ಲದ ಆಕಾಶದ ಕಡೆ ಕೈ ತೋರಿಸಿ, "ನೋಡೋ ತಮ್ಮಾ, ಕಡೀಕೂ ಸುಳ್ಳ ಹೇಳೇ ಹ್ವಾದ್ರು" ಎಂದರು. ನನಗೆ ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಜೊತೆಗೆ ನಗುವೂ ಬಂದದ್ದರಿಂದ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ನಿಂತೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮ ಸೈಕಲ್ ಮಂದಿಯೇ "ಯಾರಪಾ ಇಂವ?" ಎಂದು ಕೇಳಿಯಾರು. ಎಲ್ಲರಿಗೂ ಅವರು ಕಾಕಾ. ನಮ್ಮ ಇಲಾಖೆಯ ಸೈಕಲ್ ತಂಡಕ್ಕೆ ಅವರು ಮ್ಯಾನೇಜರ್. ಹೌದು, ಇಲಾಖೆಗಳಿಗೆ ಸೈಕಲ್ ತಂಡಗಳಿರುತ್ತವೆ, ನಾವು ಪಗಾರ ತೆಗೆದುಕೊಂಡೇ ರೇಸು ಓಡಿಸುತ್ತಿದ್ದೆವು. ಸಂಗೊಳ್ಳಿಯ ನಮ್ಮ ಓಣಿಯಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. "ಸೈಕಲ್ ಹೊಡ್ಯಾಕೂ ಪಗಾರ ಕೊಡ್ತಾರೇನೋ? ಹಂಗಿದ್ರ ನಮ್ಮ ಹಾಲಿನಂವ ಯಾವಾಗೋ ಸಾಹೇಬ ಆಗಬೇಕಾಗಿತ್ತಲ್ಲ!" ಎಂದು ಕಟ್ಟೆಯ ಹಿರಿಯರು ನನ್ನನ್ನು ಕಾಡುತ್ತಿದ್ದರು.

ಕಾಕಾ ಹರೆಯದಲ್ಲಿ ಒಳ್ಳೆಯ ಸೈಕಲ್ಲಿಗರಾಗಿದ್ದರು. ಆ ಓಟ ಅವರ ಮೈಯಿಂದ ಪೂರ್ತಿ ಇಳಿದಿರಲಿಲ್ಲ. ನಡೆಯುವಾಗಲೂ ಎದುರುಗಾಳಿಗೆ ಹೊರಟವರಂತೆ ಎದೆ ಬಾಗಿಸಿ, ಮೊಣಕೈ ಒಳಗೆ ಎಳೆದುಕೊಂಡು ನಡೆಯುತ್ತಿದ್ದರು. ಮದುವೆ ಊಟಕ್ಕೆ ಹೋದರೆ ಪಂಕ್ತಿಯಲ್ಲಿ ದಪ್ಪಗಿನ ಯಾರಾದರೂ ಕೂತದ್ದನ್ನು ನೋಡಿ, ರೇಸಿನಲ್ಲಿ ಮುಂದಿನವನ ಮರೆ ಹಿಡಿಯುವ ಹಾಗೆ ಅವರ ಪಕ್ಕ ಫ್ಯಾನಿಗೆ ಮರೆಯಾಗುವ ಎಲೆಯನ್ನೇ ಹಿಡಿಯುತ್ತಿದ್ದರು. ನಮಗೂ ಕಣ್ಣು ಹೊಡೆದು, "ಇಲ್ಲಿ ಬಾ, ಗಾಳಿ ಬಡಿಯೂದಿಲ್ಲ" ಎಂದು ಕರೆಯುತ್ತಿದ್ದರು. ಗಾಳಿ ಅವರ ಪಾಲಿಗೆ ಬೀಗರ ಕಡೆಯ ಯಾರೋ ಒಬ್ಬ ತಕರಾರಿನ ನೆಂಟ. ಗೌರವ ಕೊಡಬೇಕು, ಬೆನ್ನು ಕೊಡಬೇಕು, ಎದುರು ಮಾತ್ರ ಆಡಬಾರದು.

ಹವಾಮಾನ ಹೇಳುವ ಚಟವೊಂದು ಅವರಿಗೆ ವಿಪರೀತವಾಗಿತ್ತು. ಜೀಪಿನ ಕನ್ನಡಿಗೆ ಕರವಸ್ತ್ರ ಕಟ್ಟಿ ಗಾಳಿ ನೋಡುವುದು, ಹಿಡಿ ಮಣ್ಣು ತೂರಿ ನೋಡುವುದು, ಸವದತ್ತಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಯಾವ ಕಡೆ ಮುಖ ಮಾಡಿವೆ ಎಂದು ಕೈ ಅಡ್ಡ ಹಿಡಿದು ದಿಟ್ಟಿಸುವುದು. ಆಮೇಲೆ ಗಂಭೀರವಾಗಿ ತೀರ್ಪು ಕೊಡುತ್ತಿದ್ದರು. ಆ ತೀರ್ಪು ಬಹಳ ಸಲ ಸುಳ್ಳಾಗುತ್ತಿತ್ತು. ಒಮ್ಮೆ ಗುಡ್ಡದ ಪಂಖಾ ನೋಡಿ, "ಪಡುಗಾಳಿ ಐತಿ, ಹಿಂದಿಂದ ನೂಕತೈತಿ, ಮೊದಲಿಂದನ ಬಿಡ್ರಿ" ಎಂದು ನಮ್ಮನ್ನು ಬಿಟ್ಟರು. ನಾವು ಬಿಟ್ಟ ಬಾಣದಂತೆ ಹೋಗಿ ಎದುರುಗಾಳಿಗೆ ಸಿಕ್ಕು, ನಾಲಿಗೆ ಹೊರಹಾಕಿ ಹಿಂದುಳಿದೆವು. ಆ ಪಂಖಾ ರಿಪೇರಿಗೆಂದು ಹಿಂದಿನ ವಾರದಿಂದ ಹಾಗೇ ನಿಂತಿತ್ತಂತೆ. ನಾವು ಮುಖ ಊದಿಸಿಕೊಂಡು ಕೂತರೆ ಕಾಕಾ ಅಂದದ್ದು ಇಷ್ಟೇ: "ಪಂಖಾ ಸುಳ್ಳ ಹೇಳಿದ್ರ ನಾ ಏನ ಮಾಡ್ಲೋ? ನಾ ಅಂತೂ ನಿಮಗ ಖರೇನ ಹೇಳೇನಿ."

ಉಳ್ಳಾಗಡ್ಡಿ, ಅಂದರೆ ಈರುಳ್ಳಿಯ ಚಟ ಇನ್ನೊಂದು. ಬೇಸಿಗೆಯ ರೇಸಿಗೆ ಹೊರಟ ಪ್ರತಿಯೊಬ್ಬರ ಜರ್ಸಿಯ ಹಿಂದಿನ ಜೇಬಿಗೂ ಕಾಕಾ ತಾವೇ ಒಂದೊಂದು ಉಳ್ಳಾಗಡ್ಡಿ ತುರುಕುತ್ತಿದ್ದರು. ಝಳ ಬಡಿಯುವುದಿಲ್ಲವಂತೆ. ಬೇರೆ ರಾಜ್ಯದ ತಂಡದವರು ನಮ್ಮ ಜೇಬಿನ ಉಬ್ಬು ನೋಡಿ ನಗುತ್ತಿದ್ದರು. ನಾನೂ ಒಳಗೊಳಗೇ ನಾಚುತ್ತಿದ್ದೆ, ಆದರೆ ತೆಗೆದು ಎಸೆಯುವ ಧೈರ್ಯ ಬರಲಿಲ್ಲ. ಅವರ ಮೊಬೈಲಿನಲ್ಲಿ ಇಟಲಿಯ ರೇಸೊಂದರ ದೃಶ್ಯ ಬಂದಿತ್ತು. ಬೆಟ್ಟದ ದಾರಿ ಹಿಮದಲ್ಲಿ ಮುಚ್ಚಿಹೋಗಿ, ಜಗತ್ತಿನ ದೊಡ್ಡ ದೊಡ್ಡ ಸೈಕಲ್ಲಿಗರು ಗಡಗಡ ನಡುಗುತ್ತ ಬಸ್ಸು ಹತ್ತುತ್ತಿದ್ದರು. ಕಾಕಾ ಅದನ್ನು ಬಹಳ ಹೊತ್ತು ನೋಡಿ ಲೊಚಗುಟ್ಟಿದರು. "ಪಾಪ, ಅಲ್ಲಿ ಉಳ್ಳಾಗಡ್ಡಿ ಏನೂ ಉಪಯೋಗಿಲ್ಲ" ಎಂದರು.

ಇಷ್ಟೆಲ್ಲ ಹೇಳಿದ ಮೇಲೆ ಜೀಪಿನ ಮಾತು ಬರಲೇಬೇಕು. ರೇಸಿನಲ್ಲಿ ಪ್ರತಿ ತಂಡದ ಹಿಂದೆ ಒಂದು ಗಾಡಿ ಬರುತ್ತದೆ. ಅದರಲ್ಲಿ ನೀರು, ಊಟ, ಬದಲಿ ಗಾಲಿಗಳು. ನಮ್ಮ ಜೀಪನ್ನು ಕಾಕಾ ತಾವೇ ಓಡಿಸುತ್ತಿದ್ದರು, ಹಿಂದೆ ಮೆಕ್ಯಾನಿಕ್ ದಸ್ತಗೀರ ಗಾಲಿಗಳನ್ನು ತಬ್ಬಿಕೊಂಡು ಕೂತಿರುತ್ತಿದ್ದ. ಹುಡುಗರು ಕೈ ಎತ್ತಿದ ಕಡೆ ಬಿಟ್ಟರೆ ಜೀಪು ಇನ್ನೆಲ್ಲೂ ನಿಲ್ಲಕೂಡದು ಎಂಬುದು ಕಾಕಾನ ಶಾಸನ. ಒಮ್ಮೆ ಮೂತ್ರಕ್ಕೆಂದು ಇಳಿದ ದಸ್ತಗೀರನನ್ನು ಅಲ್ಲೇ ಬಿಟ್ಟು ಹೋಗಿದ್ದರು. ಅವನು ಮುಂದಿನ ಊರಿಗೆ ಎಮ್ಮೆಯ ಮೇವಿನ ಗಾಡಿಯಲ್ಲಿ ಬಂದು, ಆ ಕಥೆಯನ್ನು ತನ್ನ ಮಗಳ ಮದುವೆಯವರೆಗೂ ಎಲ್ಲರಿಗೂ ಹೇಳಿದ. ಸ್ವಂತ ಹೆಂಡತಿಗೂ ಆ ಜೀಪು ನಿಲ್ಲುತ್ತಿರಲಿಲ್ಲ. ರೇಸು ಬೈಲಹೊಂಗಲ ದಾಟುವಾಗ ಕಾಕು ಬುತ್ತಿಯ ಗಂಟು ಹಿಡಿದು ರಸ್ತೆಯ ಅಂಚಿಗೆ ನಿಂತಿರುತ್ತಿದ್ದರು. ನಮ್ಮ ಕಡೆ ಹಳ್ಳಿಯ ತಾಯಂದಿರು ಪಟ್ಟಣದಲ್ಲಿ ಓದುವ ಮಕ್ಕಳಿಗೆ ಬಸ್ಸಿನ ಡ್ರೈವರನ ಕೈಯಲ್ಲಿ ಬುತ್ತಿ ಕಳಿಸುತ್ತಾರಲ್ಲ, ಅದೇ ಠೀವಿ. ಕಾಕಾ ಕಿಟಕಿಯಿಂದ ಕೈ ಹಾಕಿ ಕಸಿದುಕೊಂಡೇ ಹೋಗುತ್ತಿದ್ದರು. ಕಾಕು ಹಿಂದಿನಿಂದ, "ಕಟ್ಟಿಕೊಂಡ ಹೇಣ್ತಿ ನಾ! ಮಾರಿನರ ನೋಡಿ ಹೋಗ್ರಿ!" ಎಂದು ಕೂಗುವುದು ನಮಗೆಲ್ಲ ಬಾಯಿಪಾಠವಾಗಿತ್ತು.

ಅಂಥ ಜೀಪು ಒಂದು ಸಲ ನಿಂತಿತು.

ವರ್ಷಕ್ಕೊಮ್ಮೆ ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗಕ್ಕೆ ಮುಟ್ಟುವ ರೇಸು ಅದು. ನಾನಾಗ ಇಲಾಖೆಯಲ್ಲಿ ಹಂಗಾಮಿ. ಆ ರೇಸಿನಲ್ಲಿ ಮೊದಲ ಮೂವರೊಳಗೆ ಬಂದರೆ ನೌಕರಿ ಪಕ್ಕಾ ಮಾಡುತ್ತೇವೆ ಎಂದು ಮೇಲಿನ ಸಾಹೇಬರು ಒಪ್ಪಿದ್ದರು. ಒಪ್ಪಿಸಿದವರು ಕಾಕಾ. ಸಾಹೇಬರ ಬಾಗಿಲಿಗೆ ಅವರು ಎಷ್ಟು ಸಲ ಹೋಗಿದ್ದರೆಂದರೆ ಅಲ್ಲಿಯ ಸಿಪಾಯಿ ಅವರಿಗೆಂದೇ ಒಂದು ಕುರ್ಚಿ ತೆಗೆದಿಡುತ್ತಿದ್ದ. ನನಗೆ ಲಗ್ನ ಗೊತ್ತಾಗಿತ್ತು. ಹುಡುಗಿಯ ಅಪ್ಪ, "ನೌಕರಿ ಪಕ್ಕಾ ಆಗ್ಲಿ, ಆಮ್ಯಾಲ ಅಕ್ಷತಿ ಹಾಕೂಣು" ಎಂದು ನಗುನಗುತ್ತಲೇ ಹೇಳಿದ್ದರು. ಆ ನಗು ನನಗೆ ಚೆನ್ನಾಗಿ ಅರ್ಥವಾಗಿತ್ತು.

ಹಿಂಗಾರಿ ಜೋಳದ ಸುಗ್ಗಿಯ ಕಾಲ. ಕಾಕಾ ಕಿತ್ತೂರಿನಲ್ಲಿ ಮಣ್ಣು ತೂರಿ ನೋಡಿ, ಅಂದಿನ ತಂತ್ರ ಹೇಳಿದರು. "ಪಡುಗಾಳಿ ಬೆನ್ನಿಗೆ ಐತಿ. ಸವದತ್ತಿ ತನಕ ಗುಂಪಿನಾಗ ಅಡಗಿ ಕುಂದರು. ಗುಡ್ಡದ ಏರಿನ್ಯಾಗ ಬಿಟ್ಟು ಹೊರಡು. ಗಾಳಿ ನಿನ್ನ ರಾಮದುರ್ಗಕ್ಕ ಹೊತಗೊಂಡ ಒಯ್ತೈತಿ. ಮಳಿ ಇಲ್ಲ. ನಾ ಬರದು ಕೊಡತೇನಿ, ಇಲ್ಲ."

ಸವದತ್ತಿಯವರೆಗೆ ಅವರ ಮಾತು ಅಕ್ಷರಶಃ ನಡೆಯಿತು. ಏರಿನಲ್ಲಿ ನಾನು ಜಿಗಿದೆ. ಬೇರೆ ರಾಜ್ಯದ ಎತ್ತರದ ಹುಡುಗನೊಬ್ಬ ಮಾತ್ರ ನನ್ನ ಗಾಲಿಗೆ ಅಂಟಿಕೊಂಡು ಬಂದ. ಇಬ್ಬರೂ ಪಾಳಿಯ ಮೇಲೆ ಮುಂದಾಗುತ್ತ, ಬೆನ್ನಿಗೆ ಗಾಳಿ ಇಟ್ಟುಕೊಂಡು ಹಾರಿದೆವು. ಹೂಲಿ ಊರು ಹತ್ತಿರವಾಗುವಾಗ ಮೂಡಣದಲ್ಲಿ ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಗಾಳಿ ಒಂದು ಗಳಿಗೆ ನಿಂತಿತು, ಆಮೇಲೆ ಎದುರಿನಿಂದ ಬಂದು ಎದೆಗೆ ಗುದ್ದಿತು. ಹಿಂದೆಯೇ ಆಲಿಕಲ್ಲು. ಹೆಲ್ಮೆಟ್ಟಿನ ಮೇಲೆ ಕಡಲೆ ಹುರಿದ ಸದ್ದು, ಮೊಣಕೈ ಮೇಲೆ ಬಿದ್ದರೆ ಪ್ರಾಣ ಹೋಗುವ ನೋವು.

ಎದುರುಗಾಳಿ ಎದ್ದರೆ ಮುಂದೆ ಹೋದ ಇಬ್ಬರು ಸಾಯುತ್ತಾರೆ, ಹಿಂದಿನ ಗುಂಪು ಒಬ್ಬರ ಮರೆಯಲ್ಲಿ ಒಬ್ಬರು ಬಂದು ಹಿಡಿಯುತ್ತದೆ. ಇದು ನಮ್ಮ ಆಟದ ಲೆಕ್ಕ. ಆಲಿಕಲ್ಲು ಆ ಲೆಕ್ಕವನ್ನೇ ಅಳಿಸಿತು. ಗುಂಪಿಗೆ ಗುಂಪೇ ಸೈಕಲ್ ಬಿಟ್ಟು ಹುಣಸೆ ಮರ, ಬಸ್ ನಿಲ್ದಾಣ, ಸಿಕ್ಕಸಿಕ್ಕಲ್ಲಿ ನುಗ್ಗಿತು ಎಂದು ಆಮೇಲೆ ಕೇಳಿದೆ. ನಾವಿಬ್ಬರೇ ಮುಂದೆ. ರಸ್ತೆಯ ಅರ್ಧಭಾಗದಲ್ಲಿ ರೈತರು ಜೋಳ ಹರವಿದ್ದರು. ನಾನು ಈ ನೆಲದವನು, ಕಾಳು ತುಳಿದರೂ ಡಾಂಬರು ಬಿಡಲಿಲ್ಲ. ಎತ್ತರದ ಹುಡುಗ ಜೋಳ ತಪ್ಪಿಸಲೆಂದು ಬದಿಗಿಳಿದ. ಒದ್ದೆ ಎರೆಮಣ್ಣು. ಅದು ಒಮ್ಮೆ ಗಾಲಿಗೆ ಮೆತ್ತಿದರೆ ಮುಗಿಯಿತು, ಗಾಲಿ ತಿರುಗುವುದಿಲ್ಲ. ಹೊರಳಿ ನೋಡಿದೆ, ಅವನು ಸೈಕಲ್ ಹೆಗಲಿಗೇರಿಸಿಕೊಂಡು ನಿಂತಿದ್ದ.

ಈಗ ನಾನೊಬ್ಬನೇ. ನೌಕರಿ ಕಂಡಿತು, ಅಕ್ಷತೆ ಕಂಡಿತು, ಮಾವನವರ ನಗುವೂ ಕಂಡಿತು. ಅಷ್ಟರಲ್ಲಿ ಟಯರು ಉಸ್ಸೆಂದಿತು. ಬೇಲಿಯಿಂದ ಕೊಚ್ಚಿ ಬಂದ ಜಾಲಿಮುಳ್ಳು. ಇಳಿದು, ಗಾಲಿ ಬಿಚ್ಚಿ ಕೈಯಲ್ಲಿ ಹಿಡಿದು, ಇನ್ನೊಂದು ಕೈ ಎತ್ತಿ ಹಿಂದಕ್ಕೆ ನೋಡುತ್ತ ನಿಂತೆ. ಜೀಪು ಬರಲಿಲ್ಲ. ನಿಲ್ಲದ ಜೀಪು, ಎಲ್ಲಿಯೂ ನಿಲ್ಲದ ಜೀಪು, ಬರಲಿಲ್ಲ. ಎತ್ತರದ ಹುಡುಗ ಹೊಸ ಗಾಲಿ ಹಾಕಿಸಿಕೊಂಡು ನನ್ನೆದುರೇ ಹಾದುಹೋದ. ಮಳೆ ತಗ್ಗಿದ ಮೇಲೆ ಹುಣಸೆ ಮರದವರು ಹೋದರು, ಬಸ್ ನಿಲ್ದಾಣದವರು ಹೋದರು. ಬೈಕಿನ ಮೇಲೆ ಬಂದ ರೇಸಿನ ತೀರ್ಪುಗಾರರೊಬ್ಬರು ನನ್ನ ಪಕ್ಕ ನಿಧಾನಿಸಿ, "ನಿಮ್ಮ ಕಾಕಾ ಹೂಲಿ ಹಂತ್ಯಾಕ ಜ್ವಾಳದ ರಾಶಿ ಮ್ಯಾಲ ಅಂಗಾತ ಮಕ್ಕೊಂಡಾನಲ್ಲೋ!" ಎಂದು ಹೇಳಿಹೋದರು. ನಾನು ಅವರಿಗೆ ತಲೆ ಕೆಟ್ಟಿದೆ ಎಂದುಕೊಂಡೆ.

ಗಾಳಿಯಿಲ್ಲದ ಟಯರಿನ ಮೇಲೆ ಕುಂಟುತ್ತ ರಾಮದುರ್ಗ ಮುಟ್ಟಿದಾಗ ಮೈಕಿನವರು ವೈರು ಸುತ್ತಿ ಇಟ್ಟು ಚಹಾಕ್ಕೆ ಹೋಗಿದ್ದರು. ನಂತರ ಜೀಪು ಬಂತು. ಇಳಿದ ಕಾಕಾನ ಮೀಸೆಯಲ್ಲಿ ಜೋಳದ ಹೊಟ್ಟು, ಅಂಗಿಯ ತುಂಬ ಕೆಸರು. ದಸ್ತಗೀರನೂ ಹಾಗೇ.

"ಎಲ್ಲಿ ಹಾಳಾಗಿ ಹೋಗಿದ್ರಿ ಕಾಕಾ?" ಎಂದು ಇಡೀ ರಾಮದುರ್ಗಕ್ಕೆ ಕೇಳುವಂತೆ ಕೂಗಿದೆ.

"ಜ್ವಾಳದ ರಾಶಿ ಹಂತ್ಯಾಕ ಅಕಿ ಒಬ್ಬಾಕಿನ ಇದ್ಲೋ ತಮ್ಮಾ" ಎಂದರು ಕಾಕಾ. "ತಾಡಪತ್ರಿ ಒಂದ ತುದಿ ಹಿಡದ್ರ ಇನ್ನೊಂದ ತುದಿ ಹಾರತಿತ್ತು. ವರ್ಷದ ಜ್ವಾಳ ಕಣ್ಣಮುಂದ ತೋಯಾಕ ಹತ್ತಿತ್ತು. ಹೇರಾಕ ಕಲ್ಲ ಸಿಗಲಿಲ್ಲ. ಗಾಲಿ ಇಟ್ವಿ. ನಿಮ್ಮವು ಹೊಸಾ ಗಾಲಿ, ಭಾಳ ಹಗುರ. ಅವೂ ಹಾರಾಕ ಹತ್ತಿದ್ವು. ಅದಕ್ಕ ನಾನೂ ಮ್ಯಾಲ ಮಕ್ಕೊಂಡೆ."

"ಒಂದ ತುದಿಗೆ ನಾ ಮಕ್ಕೊಂಡಿದ್ದೆರಿ" ಎಂದು ದಸ್ತಗೀರ ಸೇರಿಸಿದ. ಅವನಿಗೆ ಅದೊಂದು ಹೆಮ್ಮೆ.

"ಮತ್ತ ನನ್ನ ನೌಕರಿ?" ಎಂದೆ. ಕಾಕಾ ನನ್ನ ಸೈಕಲ್ ಎತ್ತಿ ಜೀಪಿಗೆ ಕಟ್ಟಿದರು.

ಇಲಾಖೆ ಸುಮ್ಮನಿರಲಿಲ್ಲ. ರೇಸಿನ ನಡುವೆ ಗಾಡಿ ಯಾಕೆ ನಿಲ್ಲಿಸಿದಿರಿ ಎಂದು ಸಾಹೇಬರು ಕರೆಸಿ ಕೇಳಿದರೆ ಕಾಕಾ, "ಮಳಿ ಬಂತರಿ" ಎಂದಷ್ಟೇ ಹೇಳಿ ಬಂದರಂತೆ. ತಂಡ ಅವರ ಕೈತಪ್ಪಿತು. ಬಂದ ಕಾಗದಗಳಿಗೆ ಠಸ್ಸೆ ಹೊಡೆಯುವ ಮೇಜು ಸಿಕ್ಕಿತು. ಅವರು ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆಸಿಕೊಂಡು, ಮೋಡ ನೋಡುತ್ತ ಠಸ್ಸೆ ಹೊಡೆದರು. ನನ್ನ ನೌಕರಿ ಇನ್ನೊಂದು ವರ್ಷಕ್ಕೆ ಹೋಯಿತು, ಲಗ್ನವೂ ಅದರ ಹಿಂದೆ ಹೋಯಿತು. ನಾನು ಕಾಕಾನ ಜೊತೆ ಮಾತು ಬಿಟ್ಟೆ. ಎದುರಾದರೆ ಕತ್ತು ತಿರುಗಿಸಿ ಹೋಗುತ್ತಿದ್ದೆ. ಅದು ತಪ್ಪೆಂದು ನನಗೆ ಆಗ ಅನಿಸಿರಲಿಲ್ಲ, ಈಗಲೂ ಅನಿಸಿಲ್ಲ. ಜೋಳ ಯಾರದೋ ಇರಬಹುದು, ವರ್ಷ ನನ್ನದು.

ಮರುವರ್ಷ ಅದೇ ರೇಸಿನ ಮುಂಜಾನೆ ದಸ್ತಗೀರ ಬಂದು ನನ್ನ ಕೈಯಲ್ಲಿ ಒಂದು ಉಳ್ಳಾಗಡ್ಡಿ ಇಟ್ಟ. "ಕಾಕಾ ಕೊಟ್ಟಾರ್ರಿ. ಇವತ್ತ ಬೆಂಕಿ ಐತಿ ಅಂತ." ಮಾತು ಬಿಟ್ಟಿದ್ದರೂ ಜೇಬಿಗೆ ಹಾಕಿಕೊಂಡೆ. ಹೊಸ ಮ್ಯಾನೇಜರರು ಹಿಂದಿನ ವರ್ಷದ ಪಾಠ ಕಲಿತಿದ್ದರು. ಜೀಪಿನ ತುಂಬ ಮಳೆ ಕೋಟು, ದಪ್ಪ ಟಯರು. ನೀರು ಕಡಿಮೆ. ಕಾಕಾನ ಜೀವಮಾನದಲ್ಲಿ ನಿಜವಾದ ಕೆಲವೇ ಭವಿಷ್ಯಗಳಲ್ಲಿ ಆ ಬೆಂಕಿಯ ಮಾತೊಂದು. ಸವದತ್ತಿ ಮುಟ್ಟುವ ಹೊತ್ತಿಗೆ ಡಾಂಬರು ಕರಗಿ ಗಾಲಿಗೆ ಅಂಟುತ್ತಿತ್ತು. ಎಲ್ಲ ತಂಡಗಳ ನೀರೂ ಮುಗಿದಿತ್ತು. ಯಾರಿಗೂ ಮುಂದೆ ಜಿಗಿಯುವ ಆಸೆಯಿಲ್ಲ, ಮದುವೆ ದಿಬ್ಬಣದ ಹಾಗೆ ಒಟ್ಟಿಗೇ ತೆವಳುತ್ತಿದ್ದೆವು.

ಹೂಲಿ ಹತ್ತಿರ ರಸ್ತೆಯ ಎರಡೂ ಬದಿಗೆ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಬಂದವರ ತಲೆಯ ಮೇಲೆ ನೀರು ಸುರಿಯುತ್ತಿದ್ದರು, ತಂಬಿಗೆಯಲ್ಲಿ ಮಜ್ಜಿಗೆ ಚಾಚುತ್ತಿದ್ದರು. ನೀರು ಕಂಡದ್ದೇ ತಡ, ಗುಂಪು ಬ್ರೇಕ್ ಹಿಡಿದು ಇಳಿದೇ ಬಿಟ್ಟಿತು. ನನಗೂ ಇಳಿಯುವ ಆಸೆಯೇ. ಆದರೆ ಹೋಗಹೋಗುತ್ತ ಕಸಿದುಕೊಳ್ಳುವ ಅಭ್ಯಾಸ ಕಾಕಾ ಮೈಗೆ ಹತ್ತಿಸಿದ್ದರು. ಓಡುತ್ತಲೇ ಒಂದು ತಂಬಿಗೆ ಮಜ್ಜಿಗೆ ಎತ್ತಿ ಕುಡಿದು ತಂಬಿಗೆಯನ್ನು ಹುಲ್ಲಿಗೆ ಎಸೆದೆ. ಆಗ ಒಬ್ಬಾಕೆ ನನ್ನ ಅಂಗಿಯ ಬಣ್ಣ ನೋಡಿ, ಸೀರೆ ಎತ್ತಿ ಕಟ್ಟಿ, ಪಕ್ಕದಲ್ಲೇ ಓಡಿಬಂದಳು.

"ತಮ್ಮಾ, ನಿಮ್ಮ ಜೀಪಿನವ್ರು ಎಲ್ಲಿ? ಮೀಸಿಯವ್ರು?"

"ಬಂದಿಲ್ಲ್ರಿ! ಬೈಲಹೊಂಗಲದಾಗ ಅದಾರ!"

"ಹಂಗಾರ ಇದನ್ನ ಅವ್ರಿಗೆ ಮುಟ್ಟಸಪಾ! ಹ್ವಾದ ವರ್ಷದ್ದ ಜ್ವಾಳದ್ದು!" ಎಂದು ಬುತ್ತಿಯ ಗಂಟೊಂದನ್ನು ನನ್ನ ತೋಳಿಗೆ ನೇತುಹಾಕಿಯೇ ಬಿಟ್ಟಳು.

ನಾನು ಹೋಗುತ್ತಿದ್ದದ್ದು ರಾಮದುರ್ಗಕ್ಕೆ, ಬುತ್ತಿ ಹೋಗಬೇಕಾದದ್ದು ಹಿಂದೆ ಬಿಟ್ಟು ಬಂದ ಬೈಲಹೊಂಗಲಕ್ಕೆ. ಇದನ್ನು ಹೇಳಲು ಪುರಸೊತ್ತಿರಲಿಲ್ಲ. ಹಿಂದೆ ನೋಡಿದರೆ ಗುಂಪು ಇನ್ನೂ ಮಜ್ಜಿಗೆಯಲ್ಲಿತ್ತು. ಗಂಟನ್ನು ಕೊರಳಿಗೆ ಹಾಕಿ ಬೆನ್ನಿಗೆ ಸರಿಸಿಕೊಂಡು, ಹಲ್ಲು ಕಚ್ಚಿ ತುಳಿದೆ. ದಾರಿಯಲ್ಲಿ ಹಸಿವಾಯಿತು, ಬೆನ್ನ ಮೇಲೆ ರೊಟ್ಟಿಯ ವಾಸನೆ. ಬಿಚ್ಚಲಿಲ್ಲ. ಅದು ಬೇರೆಯವರ ಬುತ್ತಿ. ನಮ್ಮ ಕಡೆ ಬಸ್ಸಿನ ಡ್ರೈವರನೂ ಅದನ್ನು ಮುಟ್ಟುವುದಿಲ್ಲ. ಕೊನೆಗೆ ಇಬ್ಬರು ಬಂದು ನನ್ನನ್ನು ದಾಟಿದರು, ಮೂರನೆಯವ ದಾಟುವುದರೊಳಗೆ ಗೆರೆ ಬಂತು. ಬುತ್ತಿ ಹೊತ್ತು ಮೂರನೆಯವನಾಗಿ ಬಂದ ನನ್ನನ್ನು ನೋಡಿ ಮೈಕಿನವನು ಏನು ಹೇಳಬೇಕೆಂದು ತಿಳಿಯದೆ ನನ್ನ ಹೆಸರನ್ನೇ ಮತ್ತೆ ಮತ್ತೆ ಕೂಗಿದ.

ನೌಕರಿ ಪಕ್ಕಾ ಆಗುವುದೆಂದು ಆ ಸಂಜೆಯೇ ಗೊತ್ತಾಯಿತು. ಮರುದಿನ ಬೈಲಹೊಂಗಲಕ್ಕೆ ಹೋದೆ. ಒಂದು ವರ್ಷದ ಮೇಲೆ ಆ ಹೊಸ್ತಿಲು ತುಳಿದಿದ್ದೆ. ಕಾಕಾ ಏನೂ ಆಗಿಲ್ಲವೆಂಬಂತೆ, "ಬಾ, ಕುಂದರು. ಹೂಲಿ ದಾಟಿದ ಮ್ಯಾಲ ಗಾಳಿ ಯಾ ಕಡಿದಿತ್ತು?" ಎಂದು ಕೇಳಿದರು. ನಾನು ಗಂಟನ್ನು ಮುಂದಿಟ್ಟು, ಯಾರು ಕೊಟ್ಟದ್ದೆಂದು ಹೇಳಿದೆ.

ಕಾಕು ಗಂಟು ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಳ್ಳೊಳ್ಳಿ ಗಡ್ಡೆ. ನನ್ನ ಬೆನ್ನಿನ ಮೇಲೆ ಕುಣಿದು ರೊಟ್ಟಿ ಚೂರುಚೂರಾಗಿದ್ದವು. ಕಾಕಾ ಒಂದು ತುಣುಕನ್ನು ಎತ್ತಿ, ಬಾಗಿಲಿನ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಗುಡ್ಡದ ಪಂಖಾ ನೋಡುವಾಗಲೂ ಅವರು ಅಷ್ಟು ಹೊತ್ತು ನೋಡಿದವರಲ್ಲ.

"ಮಳಿಗೆ ಸಿಕ್ಕ ಜ್ವಾಳ ಕರ್ರಗ ಆಗತೈತಿ. ರೊಟ್ಟೀನೂ ಕರ್ರಗ, ಕಹಿ" ಎಂದರು. "ನೋಡಿಲ್ಲಿ, ಎಷ್ಟ ಬೆಳ್ಳಗ ಅದಾವ."

ನನಗೆ ತಡೆಯಲಾಗಲಿಲ್ಲ. "ಅದೆಲ್ಲಾ ಖರೆ ಕಾಕಾ. ನಂದೊಂದ ವರ್ಷ ಹೋತಲ್ರಿ."

ಕಾಕು ನನ್ನನ್ನು ನೋಡಿದರು, ಗಂಡನನ್ನು ನೋಡಿದರು. ಈಗೊಂದು ಸಬೂಬು ಬರುತ್ತದೆ, ಪಂಖಾದ ಮೇಲೋ ಮೋಡದ ಮೇಲೋ ಹಾಕುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ಹೌದು ತಮ್ಮಾ, ಹೋತು" ಎಂದರು ಕಾಕಾ. ಇದ್ದದ್ದರಲ್ಲಿ ದೊಡ್ಡ ತುಣುಕನ್ನು ಆರಿಸಿ, ಹಿಂಡಿ ಹಚ್ಚಿ, ನನ್ನ ಕೈಗೆ ಕೊಟ್ಟರು. "ತಿನ್ನು. ಇದರಾಗ ನಿಂದೂ ಒಂದ ವರ್ಷ ಐತಿ."

ತಿಂದೆ. ಆಮೇಲೆ ಇನ್ನೊಂದು ತುಣುಕು ಕೇಳಿ ಇಸಿದುಕೊಂಡೆ.